ಗೀತೆಯನ್ನು ಕಟ್ಟುವ ಮುನ್ನ

(ಶತಮಾನೋತ್ಸವದ ಸಿದ್ಧತೆಗಾಗಿ ಸೇರಿದ್ದ ಶಿವಮೊಗ್ಗ ಮತ್ತು ಭದ್ರಾವತಿಯ ಗಾಯನವೃಂದಗಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಮಹಾಬಲಿಪೂಜೆಗೆ ಹೊಸದೊಂದು ಪ್ರವೇಶಗೀತೆಯನ್ನು ರಚಿಸಬೇಕೆಂದು ನೀವು ಉತ್ಸಾಹದಿಂದ ಮುಂದೆ ಬಂದಿರುವಿರಿ. ಈ ಉತ್ಸಾಹಕ್ಕಾಗಿ ನಾವು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುತ್ತೇವೆ. ಆದರೆ ಕಳೆದ ಕೆಲವು ವಾರಗಳಿಂದ ನಮ್ಮ ಕಿವಿಗೆ ಬೀಳುತ್ತಿರುವುದು ಗೀತೆಯಲ್ಲ, ಗೀತೆಯ ಕುರಿತಾದ ವಾಗ್ವಾದ. ಮೂರು ಧಾಟಿಗಳು ಸಿದ್ಧವಾಗಿವೆಯಂತೆ. ಸಾಹಿತ್ಯ ಇನ್ನೂ ಒಂದೂ ಇಲ್ಲ. ಕನ್ನಡದಲ್ಲಿಯೇ ಇರಬೇಕೆಂದು ಕೆಲವರು, ಕೊಂಕಣಿಗೂ ತಮಿಳಿಗೂ ಸ್ಥಾನ ಬೇಕೆಂದು ಮತ್ತೆ ಕೆಲವರು. ಯಾವ ವಾದ್ಯವನ್ನು ಎಲ್ಲಿಡಬೇಕೆಂಬುದೂ ಚರ್ಚೆಗೆ ಬಂದಿದೆ. ಆ ಗೀತೆಯನ್ನು ಹಾಡುವವರು ಯಾರು, ಎಷ್ಟು ಹೊತ್ತು ಹಾಡುವರು, ಆ ಹೊತ್ತಿನಲ್ಲಿ ದೇವಾಲಯದೊಳಗೆ ಏನು ನಡೆಯುತ್ತಿರುತ್ತದೆ ಎಂಬ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಿದಂತೆ ತೋರಲಿಲ್ಲ. ಇಂದು ಅವುಗಳನ್ನೇ ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಭದ್ರಾವತಿಯಿಂದ ಬಂದಿರುವವರಿಗೆ ಈ ವಿಷಯವನ್ನು ವಿವರಿಸುವುದು ಸುಲಭ. 1918ರಲ್ಲಿ ಆರಂಭಗೊಂಡು 1923ರಲ್ಲಿ ಮೊದಲ ಕಬ್ಬಿಣವನ್ನು ಹೊರತಂದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಊರು ಅದು. ಅಲ್ಲಿನ ಎರಕದ ಮನೆಯಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಕಬ್ಬಿಣವನ್ನು ಕರಗಿಸಿ ಆಮೇಲೆ ಯಾವ ಆಕಾರ ಕೊಡೋಣವೆಂದು ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ಮೊದಲು ಮರದ ಮಾದರಿ, ಅದರಿಂದ ಮರಳಿನ ಅಚ್ಚು, ಆಮೇಲೆ ಕಬ್ಬಿಣ. ಅಷ್ಟೇ ಅಲ್ಲ, ಎರಕದ ಕಬ್ಬಿಣವು ತಣಿಯುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಉಕ್ಕು ಸುಮಾರು ಎರಡು ಪಾಲು. ಆದ್ದರಿಂದ ಮಾದರಿಯನ್ನು ಕೆತ್ತುವವನು ಬೇಕಾದ ಅಳತೆಗಿಂತ ಅಷ್ಟು ದೊಡ್ಡದಾಗಿಯೇ ಕೆತ್ತುತ್ತಾನೆ. ಅದಕ್ಕೆಂದೇ ಅವನ ಬಳಿ ಬೇರೆ ಅಳತೆಪಟ್ಟಿ ಇರುತ್ತದೆ. ಗೀತೆಯ ವಿಷಯದಲ್ಲಿಯೂ ಇಂತಹ ಒಂದು ಲೆಕ್ಕವಿದೆ. ಎರಕ ಕುಗ್ಗುತ್ತದೆ, ಸಭೆಯ ಹಾಡು ಹಿಗ್ಗುತ್ತದೆ. ಅಭ್ಯಾಸದ ಕೋಣೆಯಲ್ಲಿ ಹತ್ತು ಮಂದಿ ಎರಡು ನಿಮಿಷದಲ್ಲಿ ಮುಗಿಸುವ ಹಾಡನ್ನು ಐನೂರು ಮಂದಿ ಸೇರಿ ಹಾಡಿದಾಗ ಅದು ಎಳೆಯುತ್ತದೆ. ಎತ್ತರವಾದ ಛಾವಣಿಯ ದೇವಾಲಯದಲ್ಲಿ ಒಂದು ಸ್ವರದ ಮೊಳಗು ಅಡಗುವ ಮೊದಲೇ ಇನ್ನೊಂದು ಸ್ವರ ಬಂದು ಅದರ ಮೇಲೆ ಬೀಳುತ್ತದೆ. ತ್ವರಿತವಾದ ಸಣ್ಣ ಸ್ವರಗಳ ಸಾಲನ್ನು ಬರೆದವರು ಅದನ್ನು ಅಲ್ಲಿ ಕೇಳಿ ಬೆರಗಾಗುತ್ತಾರೆ: ತಮ್ಮ ಹಾಡು ಎಲ್ಲಿ ಹೋಯಿತು ಎಂದು.

ಪೂಜಾಸಂಗೀತದಲ್ಲಿ ಯೋಜನೆ ಎಂದರೇನು ಎಂಬುದಕ್ಕೆ ನಮಗೆ ತಿಳಿದ ಉತ್ತಮ ನಿದರ್ಶನ ಜೋಸೆಫ್ ಹೈಡನ್ ಅವರದು. 1780ರ ದಶಕದಲ್ಲಿ ಸ್ಪೇನ್ ದೇಶದ ಕಾಡಿಜ್ ನಗರದಿಂದ ಅವರಿಗೊಂದು ಬೇಡಿಕೆ ಬಂದಿತು. ಪ್ರಭು ಯೇಸು ಶಿಲುಬೆಯ ಮೇಲಿನಿಂದ ನುಡಿದ ಏಳು ವಾಕ್ಯಗಳ ಧ್ಯಾನಕ್ಕೆ ಸಂಗೀತ ಬೇಕು. ಅಲ್ಲಿನ ಪದ್ಧತಿ ಹೀಗಿತ್ತು: ದೇವಾಲಯದ ಗೋಡೆ, ಕಿಟಕಿ, ಕಂಬಗಳಿಗೆಲ್ಲ ಕಪ್ಪುಬಟ್ಟೆ ಹೊದಿಸಿ, ನಡುವೆ ತೂಗುವ ಒಂದೇ ದೀಪವನ್ನು ಉಳಿಸುವರು. ಮಧ್ಯಾಹ್ನ ಬಾಗಿಲುಗಳನ್ನು ಮುಚ್ಚುವರು. ಧರ್ಮಾಧ್ಯಕ್ಷರು ಪ್ರವಚನ ಪೀಠವನ್ನೇರಿ ಒಂದು ವಾಕ್ಯವನ್ನು ಉಚ್ಚರಿಸಿ, ಅದರ ಮೇಲೆ ಬೋಧಿಸಿ, ಇಳಿದು ಬಂದು ಬಲಿಪೀಠದ ಮುಂದೆ ಮೊಣಕಾಲೂರುವರು. ಆ ಮೌನದಲ್ಲಿ ಸಂಗೀತ. ಮತ್ತೆ ಎರಡನೆಯ ವಾಕ್ಯ, ಮೂರನೆಯದು, ಹೀಗೆ ಏಳು ಬಾರಿ.

ಹೈಡನ್ ಅವರ ಮುಂದಿದ್ದ ಕಷ್ಟವನ್ನು ಗಮನಿಸಿರಿ. ಒಂದೊಂದು ಸುಮಾರು ಹತ್ತು ನಿಮಿಷದ ಏಳು ವಿಳಂಬಗತಿಯ ರಚನೆಗಳು ಒಂದರ ಹಿಂದೊಂದು ಬರಬೇಕು, ಆದರೂ ಕೇಳುವವರಿಗೆ ದಣಿವಾಗಬಾರದು. ಇದು ಸುಲಭದ ಕೆಲಸವಾಗಿರಲಿಲ್ಲವೆಂದು ಅವರೇ ಮುಂದೆ ಬರೆದಿದ್ದಾರೆ. ಅವರು ಮಾಡಿದ್ದೇನು? ಪ್ರತಿಯೊಂದು ರಚನೆಯ ಮೊದಲ ಸ್ವರಗುಚ್ಛವನ್ನೂ ಆಯಾ ವಾಕ್ಯದ ಲತೀನ್ ಪದಗಳ ನಡೆಗೆ ಹೊಂದಿಸಿದರು. ಅದು ವಾದ್ಯಗಳಿಗಾಗಿ ಬರೆದ ಸಂಗೀತ, ಯಾರೂ ಹಾಡುವುದಿಲ್ಲ. ಆದರೂ ಪಿಟೀಲಿನ ಸ್ವರಪ್ರಸ್ತಾರದ ಕೆಳಗೆ ಆ ಪದಗಳನ್ನೂ ಮುದ್ರಿಸಲಾಯಿತು. ಏಳು ಮುಗಿದ ಮೇಲೆ ಭೂಕಂಪವನ್ನು ಸೂಚಿಸುವ ಒಂದೇ ಒಂದು ವೇಗದ ಭಾಗವನ್ನಿಟ್ಟರು. ಅಷ್ಟು ಹೊತ್ತಿನ ನಿಧಾನವು ಆ ಕಡೆಯ ಗಳಿಗೆಗಾಗಿ ಕಾದಿಟ್ಟಂತಿದೆ. ನಿಗದಿಯಾದ ಹೊತ್ತಿನ ಮಿತಿಯೊಳಗೆ ಕಟ್ಟುನಿಟ್ಟಾಗಿ ನಿಲ್ಲಲು ತಮಗೆ ಸಾಧ್ಯವಾಗಲಿಲ್ಲವೆಂದೂ ಅವರು ಹೇಳಿಕೊಂಡಿದ್ದಾರೆ. ಮಿತಿಯೊಂದಿದ್ದುದರಿಂದಲೇ ಎಷ್ಟು ಮೀರಿದೆವೆಂಬುದೂ ಅವರಿಗೆ ಗೊತ್ತಾಯಿತು. ಇದೇ ಹೈಡನ್, ರಚನೆಯು ಮುಂದುವರಿಯದೆ ನಿಂತಾಗ ಕೈಯಲ್ಲಿ ಜಪಮಾಲೆಯನ್ನು ಹಿಡಿದು ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಿದ್ದರೆಂದೂ, ಕೆಲವು ನಮೋ ಮರಿಯಾ ಪ್ರಾರ್ಥನೆಗಳ ಬಳಿಕ ಆಲೋಚನೆಗಳು ಮರಳಿ ಬರುತ್ತಿದ್ದವೆಂದೂ ಅವರ ಚರಿತ್ರಕಾರರು ದಾಖಲಿಸಿದ್ದಾರೆ. ನಮ್ಮ ಯುವಕರು ಅಂತಹ ಹೊತ್ತಿನಲ್ಲಿ ಮೊಬೈಲನ್ನು ಹುಡುಕುತ್ತಾರೆ.

ಇನ್ನೊಬ್ಬ ಮಹಾನುಭಾವರ ಕಥೆ ಬೇರೆ. ಬೀಥೋವನ್ ಅವರ ಶಿಷ್ಯನೂ ಆಶ್ರಯದಾತನೂ ಆಗಿದ್ದ ಆರ್ಚ್‌ಡ್ಯೂಕ್ ರುಡಾಲ್ಫ್ ಅವರಿಗೆ ಓಲ್ಮುಟ್ಸ್ ನಗರದ ಮಹಾಧರ್ಮಾಧ್ಯಕ್ಷರಾಗಿ 1820ರ ಮಾರ್ಚ್ 9ರಂದು ಪೀಠಾರೋಹಣವಾಗಬೇಕಿತ್ತು. ಆ ದಿನಕ್ಕಾಗಿ ಬೀಥೋವನ್ 1819ರಲ್ಲಿ ಒಂದು ಪೂಜಾಸಂಗೀತವನ್ನು ಆರಂಭಿಸಿದರು. ಅದು ಬೆಳೆಯಿತು, ಮತ್ತೆ ಬೆಳೆಯಿತು. ಪೀಠಾರೋಹಣ ಕಳೆದು ಮೂರು ವರ್ಷಗಳಾದ ಮೇಲೆ, 1823ರಲ್ಲಿ, ಅದು ಗುರುಗಳ ಕೈ ಸೇರಿತು. ಮೊದಲ ಬಾರಿ ಪೂರ್ಣವಾಗಿ ಕೇಳಿಬಂದದ್ದು 1824ರಲ್ಲಿ, ದೂರದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಸುಮಾರು 80 ನಿಮಿಷಗಳ ಆ ಕೃತಿ ಜಗತ್ತಿನ ಶ್ರೇಷ್ಠ ಕೃತಿಗಳಲ್ಲೊಂದು. ಬೀಥೋವನ್ ತಡಮಾಡಿದರೆ ಲೋಕ ಕಾಯುತ್ತದೆ. ನಮ್ಮ ಶತಮಾನೋತ್ಸವದ ದಿನವು ನಮಗಾಗಿ ಕಾಯುವುದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಯೋಜನೆಯ ಅವಶ್ಯಕತೆಯನ್ನು ನಮ್ಮ ಕಣ್ಣೆದುರೇ ತೋರಿಸಿಕೊಟ್ಟದ್ದು ಈ ಜಿಲ್ಲೆಯ ಕುಪ್ಪಳಿಯ ಕವಿ ಕುವೆಂಪು ಅವರ ಕವಿತೆ. ಕ್ರೈಸ್ತರಾದ ನಮ್ಮನ್ನೂ ಹೆಸರಿಸಿ ತನ್ನ ತೋಟದೊಳಕ್ಕೆ ಕರೆದುಕೊಂಡಿರುವ ಆ ಕವಿತೆಯು 2004ರಲ್ಲಿ ನಾಡಗೀತೆಯಾಯಿತು. ಕವಿಯು ಅದನ್ನು ಕವಿತೆಯಾಗಿ ಬರೆದರು. ಸಾವಿರಾರು ಜನ ಎದ್ದು ನಿಂತು ಹಾಡಬೇಕಾದ ಗೀತೆಯ ಅಳತೆಗೆ ಬರೆದಿರಲಿಲ್ಲ. ಮೈಸೂರು ಅನಂತಸ್ವಾಮಿ ಅವರ ಧಾಟಿಯೊಂದು, ಸಿ. ಅಶ್ವತ್ಥ್ ಅವರ ಧಾಟಿಯೊಂದು, ಎರಡೂ ಜನರ ನಾಲಿಗೆಯ ಮೇಲಿದ್ದವು. ಯಾವುದನ್ನು ಹಾಡಬೇಕು? ಯಾವ ಸಾಲನ್ನು ಎಷ್ಟು ಬಾರಿ ಮರಳಿ ಹಾಡಬೇಕು? ಆಲಾಪ ಇರಬೇಕೇ? ಸಮಾರಂಭಗಳಲ್ಲಿ ವೃದ್ಧರೂ ಮಕ್ಕಳೂ ಹಲವು ನಿಮಿಷ ನಿಂತೇ ಇರಬೇಕಾಗುತ್ತಿತ್ತು. ಸಮಿತಿಗಳು ಕೂಡಿದವು. ಕೊನೆಗೆ 2022ರಲ್ಲಿ, ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವೂ ಅನಗತ್ಯ ಪುನರಾವರ್ತನೆಯೂ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರದ ಆದೇಶವಾಯಿತು. ಆಮೇಲೂ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಗೀತೆಯನ್ನು ಆರಿಸಿಕೊಂಡ ದಿನದಿಂದ ಅದರ ಅವಧಿಯನ್ನು ನಿಶ್ಚಯಿಸಿದ ದಿನದವರೆಗೆ 18 ವರ್ಷಗಳು! ಇಡೀ ಜನತೆ ಪ್ರೀತಿಸುವ ಕವಿತೆಗೇ ಹೀಗಾದರೆ, ನಾವು ಬರೆಯಲಿರುವ ಹಾಡಿಗೆ ಏನಾಗಬಹುದೆಂಬುದನ್ನು ನೀವೇ ಊಹಿಸಿರಿ. ನಮ್ಮ ರಾಷ್ಟ್ರಗೀತೆಯ ಅವಧಿ 52 ಸೆಕೆಂಡುಗಳೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆ ಖಚಿತತೆಯೇ ಅದಕ್ಕೊಂದು ಗಾಂಭೀರ್ಯವನ್ನು ಕೊಟ್ಟಿದೆ.

ಆದ್ದರಿಂದ ಪ್ರವೇಶಗೀತೆಯ ಅವಧಿಯನ್ನು ನಿಶ್ಚಯಿಸುವುದು ಹೇಗೆ? ಅದು ಸಂಗೀತಗಾರನ ಇಚ್ಛೆಯಿಂದಲ್ಲ, ಮೆರವಣಿಗೆಯಿಂದ ನಿಶ್ಚಯವಾಗುತ್ತದೆ. ಮಹಾದ್ವಾರದಿಂದ ಬಲಿಪೀಠದವರೆಗೆ ಶಿಲುಬೆ, ದೀಪಗಳು, ಪೀಠಬಾಲಕರು, ಗುರುಗಳು, ಕೊನೆಯಲ್ಲಿ ಧರ್ಮಾಧ್ಯಕ್ಷರು ನಡೆದುಬರುತ್ತಾರೆ. ಪೀಠಕ್ಕೆ ನಮಿಸಿ ಧೂಪಾರತಿಯಾಗುತ್ತದೆ. ಇಷ್ಟಕ್ಕೆ ಹಿಡಿಯುವ ಹೊತ್ತೇ ಹಾಡಿನ ಹೊತ್ತು. ಅದು ನಾಲ್ಕು ನಿಮಿಷವಾದರೆ, ಒಂದು ಪಲ್ಲವಿಯೂ ಮೂರು ಚರಣಗಳೂ ಸಾಕು. ನಾಲ್ಕನೆಯದೊಂದನ್ನು ಬರೆದು ಕೈಯಲ್ಲಿಟ್ಟುಕೊಂಡಿರಬೇಕು, ಧೂಪದ ಕೆಂಡ ಹತ್ತದೆ ತಡವಾದರೆ ಬೇಕಾಗುತ್ತದೆ. ಗುರುಗಳು ಪೀಠದ ಬಳಿ ಹಾಡು ಮುಗಿಯಲೆಂದು ಕಾಯುತ್ತ ನಿಲ್ಲುವಂತಾಗಬಾರದೆಂದು ಜಗದ್ಗುರು ಹತ್ತನೆಯ ಪಿಯುಸ್ ಅವರು 1903ರಲ್ಲಿಯೇ ವಿಧಿಸಿದ್ದಾರೆ. ಅವರು ಸಂತರು, ನಮ್ಮ ಸ್ಥಿತಿಯನ್ನು ಬಲ್ಲವರಾಗಿದ್ದರು.

ಅನಂತರದ ಪ್ರಶ್ನೆ ಹಾಡುವವರದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನಾ ವಿಧಾನದ ಆರನೆಯ ಅಧ್ಯಾಯವು ಸಂಗೀತಕ್ಕೇ ಮೀಸಲು. ಅದರ 121ನೆಯ ಪರಿಚ್ಛೇದದಲ್ಲಿ ರಚನಕಾರರಿಗೆ ಹೇಳಿರುವ ಮಾತಿನ ಅಭಿಪ್ರಾಯ ಇಷ್ಟು: ದೊಡ್ಡ ಗಾಯನವೃಂದಗಳಿಗಷ್ಟೇ ಬರೆಯದೆ, ಸಣ್ಣ ವೃಂದಗಳ ಶಕ್ತಿಯನ್ನೂ ನೆರೆದ ಸಭೆಯೆಲ್ಲರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನೂ ಗಮನದಲ್ಲಿಡಬೇಕು. 119ನೆಯದರಲ್ಲಿ ಆಯಾ ಜನಾಂಗದ ಸ್ವಂತ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದಿದೆ. ಇವೆರಡನ್ನೂ ಒಟ್ಟಿಗೆ ಓದಬೇಕು. ಬಾಗಿಲ ಬಳಿ ಮೊಣಕಾಲೂರುವ ಅಜ್ಜಿಯು ಹಾಡಲಾರದ ಪಲ್ಲವಿಯನ್ನು, ಅದೆಷ್ಟೇ ಇಂಪಾಗಿರಲಿ, ಪ್ರವೇಶಗೀತೆಗೆ ಇಡಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇದರಿಂದ ಶ್ರುತಿಯ ಮಾತು ಬರುತ್ತದೆ. ನಮ್ಮ ಸಂಗೀತ ಕಛೇರಿಗಳಲ್ಲಿ ಪುರುಷರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಯ ಶ್ರುತಿಯಲ್ಲಿಯೂ ಸ್ತ್ರೀಯರು ನಾಲ್ಕೂವರೆಯಿಂದ ಐದೂವರೆಯ ಶ್ರುತಿಯಲ್ಲಿಯೂ ಹಾಡುತ್ತಾರೆ. ಸಭೆಯಲ್ಲಿ ಇಬ್ಬರೂ ಒಂದೇ ಶ್ರುತಿಗೆ ಹಾಡಬೇಕು. ಆದಕಾರಣ ಧಾಟಿಯು ಒಂದು ಸ್ಥಾಯಿಯೊಳಗೆ, ಹೆಚ್ಚೆಂದರೆ ಅದರ ಮೇಲೆ ಒಂದು ಸ್ವರದೊಳಗೆ ಸುಳಿದಾಡಬೇಕು. ತಾರಸ್ಥಾಯಿಗೆ ಹೋಗುವ ಸ್ವರವೊಂದಿದ್ದರೆ ಅದು ಎಲ್ಲಿ, ಯಾವ ಪದದ ಮೇಲೆ ಎಂಬುದನ್ನು ಮೊದಲೇ ಗುರುತಿಸಿರಿ. ಪ್ರತಿ ಸಾಲಿಗೂ ಒಂದು ಶಿಖರವನ್ನಿಟ್ಟರೆ ಕೇಳುವವನಿಗೆ ಯಾವುದೂ ಶಿಖರವಾಗಿ ತೋರುವುದಿಲ್ಲ. ರಾಗವು ಮೋಹನವಾದರೆ ಒಳಿತೆಂದು ನಮಗೆ ತೋರುತ್ತದೆ. ಅದರ ಐದು ಸ್ವರಗಳು ನಮ್ಮ ಜನಪದರಿಗೂ ಪಶ್ಚಿಮದವರಿಗೂ ಪರಿಚಿತ. ಹಾರ್ಮೋನಿಯಮ್ಮಿನಲ್ಲಿ ನುಡಿಸುವುದು ಕಷ್ಟವಲ್ಲ. ಆದರೆ ಕೀಬೋರ್ಡಿನೊಳಗಿನ ಸಿದ್ಧತಾಳದ ಗುಂಡಿಯನ್ನು ಮಾತ್ರ ದಯಮಾಡಿ ಒತ್ತಬೇಡಿರಿ. ಅದು ಯಾರ ಉಸಿರಿಗೂ ಕಾಯುವುದಿಲ್ಲ.

ಇಷ್ಟನ್ನು ನಿಶ್ಚಯಿಸಿದ ಮೇಲೆಯೇ ಮಾತಿನ ಕೆಲಸ. ಇಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ತನ್ನ ಸಂಗೀತ ರತ್ನಾಕರದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳುತ್ತಾನೆ. ವಾಕ್ಕು ಎಂದರೆ ಮಾತು, ಗೇಯ ಎಂದರೆ ಧಾತು. ಎರಡನ್ನೂ ಬಲ್ಲವನು ವಾಗ್ಗೇಯಕಾರ. ಮತ್ತೊಬ್ಬರ ಧಾತುವಿಗೆ ತನ್ನ ಮಾತನ್ನು ತುಂಬುವವನಿಗೆ ಅವನು ಕೊಟ್ಟಿರುವ ಹೆಸರು ಕುಟ್ಟಿಕಾರ. ಚಲನಚಿತ್ರದ ಧಾಟಿಗೆ ಪ್ರಭುವಿನ ನಾಮವನ್ನು ಸೇರಿಸಿ ಹಾಡುವ ಮಿತ್ರರು ಇಲ್ಲಿದ್ದರೆ ತಮ್ಮ ಬಿರುದನ್ನು ಬರೆದುಕೊಳ್ಳಬಹುದು. ಆದರೆ ಕುಟ್ಟಿಕಾರನನ್ನು ಹೀನಾಯವಾಗಿ ಕಾಣಬೇಕಾಗಿಲ್ಲ. ಮುತ್ತುಸ್ವಾಮಿ ದೀಕ್ಷಿತರಂತಹ ಮಹಾವಾಗ್ಗೇಯಕಾರರೇ ಆಂಗ್ಲರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದಲ್ಲಿ ನೋಟುಸ್ವರ ಸಾಹಿತ್ಯವನ್ನು ರಚಿಸಿದರು. ಬ್ರಿಟನ್ನಿನ ರಾಷ್ಟ್ರಗೀತೆಯ ಧಾಟಿಯೂ ಅದರಲ್ಲಿ ಸೇರಿದೆ. ಅವರು ಧಾಟಿಯ ಗುರುಲಘುಗಳನ್ನು ಅಳೆದು ಪದವನ್ನು ಇಟ್ಟರು. ನಮ್ಮಲ್ಲಿ ಆಗುತ್ತಿರುವುದು ಅಳೆಯದೆ ತುರುಕುವ ಕೆಲಸ.

ಕನ್ನಡವು ಹ್ರಸ್ವದೀರ್ಘಗಳ ಮೇಲೆ ನಿಂತ ಭಾಷೆ. ಪೇತ್ರನೂ ಅಂದ್ರೆಯನೂ ಪ್ರಭುವಿನ ಕರೆಯನ್ನು ಕೇಳಿ ಬಲೆಯನ್ನು ಬಿಟ್ಟು ಹೊರಟರು ಎಂದು ಶುಭಸಂದೇಶ ಹೇಳುತ್ತದೆ. ಅದನ್ನು ಹಾಡಾಗಿಸುವಾಗ ಧಾಟಿಯು ಮೊದಲ ಅಕ್ಷರವನ್ನು ಎಳೆದರೆ ಅವರು ಬಿಟ್ಟುಹೋದದ್ದು ಬಾಲೆಯನ್ನು ಎಂದಾಗುತ್ತದೆ! ಪೇತ್ರನಿಗೆ ಅತ್ತೆ ಇದ್ದಳೆಂಬುದನ್ನು ಬಲ್ಲ ಸಭೆಯು ನಕ್ಕರೆ ತಪ್ಪು ಯಾರದು?

ಇದಕ್ಕೆ ಪರಿಹಾರವು ನಮ್ಮ ಹಿತ್ತಲಿನಲ್ಲಿಯೇ ಇದೆ. ಶಿವಮೊಗ್ಗದ ಸಮೀಪದಲ್ಲಿ, ತುಂಗೆಯ ದಡದ ಮತ್ತೂರು ಹೊಸಹಳ್ಳಿಗಳು ಗಮಕ ಕಲೆಗೆ ಹೆಸರಾದ ಗ್ರಾಮಗಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳು ವಾಚಿಸುವುದನ್ನು ಒಮ್ಮೆ ಹೋಗಿ ಕೇಳಿರಿ. ರಾಗ ಬದಲಾಗುತ್ತದೆ, ಪದ ಒಡೆಯುವುದಿಲ್ಲ. ಏಕೆಂದರೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಹಂದರವನ್ನು ಕವಿಯು ಮೊದಲೇ ಕಟ್ಟಿಟ್ಟಿದ್ದಾನೆ. ಆ ಏಳು ಮಾತ್ರೆಗಳು ಮಿಶ್ರಛಾಪು ತಾಳದ ಏಳು ಎಣಿಕೆಗಳಿಗೆ ತಾವಾಗಿಯೇ ಕೂಡಿಕೊಳ್ಳುತ್ತವೆ. ನಮ್ಮ ಪದಗಳನ್ನೇ ತೂಗಿ ನೋಡಿರಿ: ಯೇಸು ಎಂಬುದು ಮೂರು ಮಾತ್ರೆ, ದೇವರು ನಾಲ್ಕು. ಕರುಣೆ ಮೂರು, ತಾಯಿ ಮೂರು. ಮರಿಯಮ್ಮ ಎಂದರೆ ಐದು. ಆಕೆಯ ಗೀತೆಗೆ ಖಂಡಛಾಪು ಒಪ್ಪುತ್ತದೆ. ಈ ಮಾರ್ಗವು ಕ್ರೈಸ್ತರಿಗೆ ಹೊಸದೂ ಅಲ್ಲ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಅವರು 1862ರಲ್ಲಿ ಕಥಾಮಾಲೆಯೆಂಬ ಹೆಸರಿನಲ್ಲಿ ಪ್ರಭುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ರಚಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಮುದ್ರಿಸಿದರು. ನಮ್ಮ ಸಭೆಯವರಲ್ಲದ, ಈ ದೇಶದವರೂ ಅಲ್ಲದ ಒಬ್ಬರು ಅಷ್ಟು ಕಲಿತರು.

ಈ ಹಂದರದ ಮಾತಿಗೂ ನಮ್ಮ ಭಾಷೆಯ ವಾಗ್ವಾದಕ್ಕೂ ಸಂಬಂಧವಿದೆ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತವು ಸ್ಥಾಪನೆಯಾಗುವ ಎಷ್ಟೋ ಮುಂಚಿನಿಂದಲೂ ಇಲ್ಲಿನ ವಿಶ್ವಾಸಿಗಳ ಮನೆಮಾತು ಒಂದೇ ಆಗಿರಲಿಲ್ಲ. ಕರಾವಳಿಯಿಂದ ಕೊಂಕಣಿಯವರು ಬಂದರು, ಕಾರ್ಖಾನೆಗಳ ಕೆಲಸಕ್ಕೆಂದು ತಮಿಳರೂ ಮಲಯಾಳಿಗಳೂ ಭದ್ರಾವತಿಗೆ ಬಂದರು. 2007ರಲ್ಲಿ ಸಿರೋ ಮಲಬಾರ್ ವಿಧಿಯವರಿಗೆ ಭದ್ರಾವತಿಯೇ ಧರ್ಮಪ್ರಾಂತದ ಪೀಠವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಹಲವು ಕುಟುಂಬಗಳು ಊರು ಬಿಟ್ಟವು. ಉಳಿದವರಲ್ಲಿ ಹಾಡುವ ಗಂಡುದನಿಗಳು ಕಡಿಮೆಯಾಗಿವೆ ಎಂಬುದು ನಿಮಗೂ ತಿಳಿದಿದೆ. ಭಾಷೆಯ ಹೆಸರಿನಲ್ಲಿ ಕರ್ನಾಟಕದ ಧರ್ಮಸಭೆಯು ಬೇರೆಡೆ ಅನುಭವಿಸಿದ ನೋವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಇರುವ ದನಿಗಳೂ ಒಂದು ಹಾಡಿನ ಕಾರಣದಿಂದ ಮೌನವಾದರೆ, ನೂರು ವರ್ಷದ ಹಬ್ಬಕ್ಕೆ ಯಾರ ಹಾಡನ್ನು ಕೇಳೋಣ?

ನಮ್ಮ ನಿರ್ಣಯ ಹೀಗಿದೆ. ಪಲ್ಲವಿ ಕನ್ನಡದಲ್ಲಿಯೇ ಇರಲಿ; ಅದು ಈ ನೆಲದ ಭಾಷೆ, ನಮ್ಮೆಲ್ಲರಿಗೂ ಬರುವ ಭಾಷೆ. ಎರಡೇ ಸಾಲು, ಏಳೇಳು ಮಾತ್ರೆಯ ನಾಲ್ಕು ಗಣಗಳು ಒಂದೊಂದು ಸಾಲಿಗೆ. ಚರಣಗಳಲ್ಲಿ ಒಂದು ಕನ್ನಡ, ಒಂದು ಕೊಂಕಣಿ, ಒಂದು ತಮಿಳು. ಕೈಯಲ್ಲಿಟ್ಟುಕೊಳ್ಳುವ ನಾಲ್ಕನೆಯದು ಮಲಯಾಳ. ಮಲಯಾಳವನ್ನು ಕೊನೆಗಿಟ್ಟರೆಂದು ಯಾರೂ ನೊಂದುಕೊಳ್ಳಬಾರದು. ಧೂಪದ ಕೆಂಡವನ್ನು ಹತ್ತಿಸುವ ನಮ್ಮ ಹುಡುಗರನ್ನು ನಾವು ಬಲ್ಲೆವು, ಆ ಚರಣ ಖಂಡಿತವಾಗಿಯೂ ಹಾಡಲ್ಪಡುತ್ತದೆ. ತಮಿಳು ಮಲಯಾಳಗಳೂ ಹ್ರಸ್ವದೀರ್ಘವನ್ನು ಪಾಲಿಸುವ ಭಾಷೆಗಳಾದುದರಿಂದ ಅದೇ ಮಾತ್ರೆಯ ಹಂದರದಲ್ಲಿ ಅವು ಕುಳಿತುಕೊಳ್ಳುತ್ತವೆ. ಕೊಂಕಣಿಯ ಗೀತೆಗಳು ಪಶ್ಚಿಮದ ಧಾಟಿಗಳಲ್ಲಿ ಬೆಳೆದವು. ಅದರ ಚರಣವನ್ನು ಬರೆಯುವವರಿಗೆ ಸ್ವಲ್ಪ ಹೆಚ್ಚಿನ ಶ್ರಮವಾಗಬಹುದು. ಆದರೆ ಹಂದರವು ಮೊದಲೇ ಕಾಗದದ ಮೇಲಿದ್ದರೆ ಮಾತ್ರ ಇದು ಸಾಧ್ಯ. ಧಾಟಿಯೂ ಕನ್ನಡದ ಚರಣವೂ ಮುಗಿದ ಮೇಲೆ ಉಳಿದ ಭಾಷೆಗಳನ್ನು ಸೇರಿಸಹೊರಟರೆ ಅವು ತೇಪೆಯಾಗಿಯೇ ಕಾಣುತ್ತವೆ, ತೇಪೆಯಾದವರಿಗೆ ಅದು ತಿಳಿಯುತ್ತದೆ.

ಸಿದ್ಧವಾಗಿರುವ ಮೂರು ಧಾಟಿಗಳ ಗತಿಯೇನೆಂದು ಕೆಲವರ ಮುಖಗಳು ಕೇಳುತ್ತಿವೆ. ಮೂರನ್ನೂ ಇಡಿರಿ, ಯಾವುದನ್ನೂ ಎಸೆಯಬೇಡಿರಿ. ಹಂದರಕ್ಕೆ ಹೊಂದುವ ಧಾಟಿ ಅವುಗಳಲ್ಲಿದ್ದರೆ ಅದನ್ನು ಸಂತೋಷದಿಂದ ಆರಿಸೋಣ. ಹೊಂದದ್ದು ಪರಮಪ್ರಸಾದದ ಹೊತ್ತಿನ ಧ್ಯಾನಗೀತೆಗೆ ಬಂದೀತು. ಅಲ್ಲಿ ವೃಂದವು ತಾನೇ ಹಾಡಬಹುದು, ಸಭೆ ಕೇಳಬಹುದು, ಹೊತ್ತಿನ ಬಿಗಿಯೂ ಅಷ್ಟಿಲ್ಲ.

ಬರುವ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಎಲ್ಲರೂ ಮಹಾದ್ವಾರದ ಬಳಿ ಸೇರಬೇಕು. ಪೀಠಬಾಲಕರಿಗೆ ಶಿಲುಬೆಯನ್ನೂ ದೀಪಗಳನ್ನೂ ಕೊಟ್ಟು, ಹಬ್ಬದ ದಿನದ ನಡಿಗೆಯಲ್ಲಿಯೇ ಬಲಿಪೀಠದವರೆಗೆ ನಡೆಸಿ ಹೊತ್ತನ್ನು ಅಳೆಯೋಣ. ಭದ್ರಾವತಿಯವರು ಬೆಳಗಿನ ಬಸ್ಸನ್ನು ಹಿಡಿದರೆ ಸಾಕು. ಸೆಕೆಂಡಿನ ಮುಳ್ಳಿರುವ ಗಡಿಯಾರ ಒಂದು, ಬಿಳಿಯ ಕಾಗದ, ಸೀಸದಕಡ್ಡಿ ಇವಿಷ್ಟನ್ನು ತನ್ನಿರಿ. ಹಾರ್ಮೋನಿಯಂ ಅಂದು ಬೀರುವಿನಲ್ಲಿಯೇ ಇರಲಿ. ಅದರ ಬೀಗದ ಕೈ ನಮ್ಮ ಬಳಿ ಇದೆ.